ನಾಲ್ಕು ಬಾಗಿಲಿನ ಪ್ಲಿಮತ್: ಕೊಳ್ಳುವ ಮುಂಚೆ ಬಗ್ಗಿ ನೋಡಬೇಕಾದ್ದು

ಹಳೆಯ ಅಮೆರಿಕನ್ ಗಾಡಿ ಬೇಕು, ಆದರೆ ಅದಕ್ಕಾಗಿ ಹೊಲ ಮಾರುವಷ್ಟು ಹುಚ್ಚಿಲ್ಲ ಎನ್ನುವವರಿಗೆ 1946ರಿಂದ 48ರವರೆಗಿನ ಪ್ಲಿಮತ್ ಸ್ಪೆಷಲ್ ಡಿಲಕ್ಸ್ ಸರಿಯಾದ ಗಾಡಿ. ಕಂಪನಿ ಇಟ್ಟ ಹೆಸರು ಪಿ-15. ಅದರಲ್ಲೂ ನಾಲ್ಕು ಬಾಗಿಲಿನ ಸೆಡಾನ್. ಇದೇ ಗಾಡಿಯ ಕನ್ವರ್ಟಿಬಲ್‌ಗೂ ಕಟ್ಟಿಗೆ ಮೈಯ ಸ್ಟೇಷನ್ ವ್ಯಾಗನ್‌ಗೂ ಸಂಗ್ರಾಹಕರು ಮುಗಿಬೀಳುತ್ತಾರೆ. ಸೆಡಾನನ್ನು ಕೇಳುವವರು ಕಡಿಮೆ. ಇಂಜಿನ್ ಅದೇ, ಚಾಸಿ ಅದೇ, ಬ್ರೇಕೂ ಅದೇ. ಮೇಲಿನ ಡಬ್ಬಿ ಮಾತ್ರ ಬೇರೆ. ಸಂಸಾರಸ್ಥರ ಗಾಡಿ ಎನ್ನುವ ಒಂದೇ ಕಾರಣಕ್ಕೆ ಬೆಲೆ ಇಳಿದಿದೆ, ಕೊಳ್ಳುವವರಿಗೆ ಅದೇ ಲಾಭ.

ನೋಡಲು ಅಂಥ ಚೆಲುವೆಯೇನಲ್ಲ. 1942ರ ಮಾದರಿಯನ್ನೇ ಯುದ್ಧ ಮುಗಿದ ಮೇಲೆ ಗ್ರಿಲ್ಲು, ಬಂಪರ್ ಬದಲಿಸಿ ಮತ್ತೆ ತಂದರು. 1945ರ ಕೊನೆಯಿಂದ 1949ರ ಆರಂಭದವರೆಗೆ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾಡಿದರು. ಬೆನ್ನು ಎತ್ತರ, ಕಿಟಕಿ ಸಣ್ಣವು, ಬಾನೆಟ್ಟಿನ ಮೂಗಿನ ಮೇಲೆ ಮೇಫ್ಲವರ್ ಹಡಗಿನ ಸಣ್ಣ ಬೊಂಬೆ. ಪಟಗಾ ಸುತ್ತಿದ ಹಿರಿಯರು ತಲೆ ಬಗ್ಗಿಸದೆ ಕೂರಬಹುದಾದ ಎತ್ತರ ಒಳಗಿದೆ, ಹಿಂದಿನ ಸೀಟಿನಲ್ಲಿ ಮೂವರು ಮೊಣಕೈ ತಾಗಿಸದೆ ಕೂರುತ್ತಾರೆ. ಅಂದದ ಬಗ್ಗೆ ಇಷ್ಟು ಸಾಕು.

ಈ ಗಾಡಿಗಳು ನಮ್ಮ ಬೆಳಗಾವಿ, ವಿಜಯಪುರ ಕಡೆ ಸಿಗುವುದಕ್ಕೆ ಕಾರಣವಿದೆ. 1956ರ ನವೆಂಬರ್‌ವರೆಗೆ ಬೆಳಗಾವಿ, ವಿಜಾಪುರ ಎರಡೂ ಮುಂಬಯಿ ಆಡಳಿತದಲ್ಲಿದ್ದವು. ಬಾಗಲಕೋಟೆ ಆಗ ವಿಜಾಪುರದ್ದೇ ಭಾಗ. ಅಮೆರಿಕನ್ ಗಾಡಿ ಜೋಡಿಸುವ ಕಾರ್ಖಾನೆಗಳೂ ಮುಂಬಯಿಯಲ್ಲೇ ಇದ್ದವು. ಜನರಲ್ ಮೋಟಾರ್ಸ್ 1928ರಲ್ಲೇ ಶಿವಡಿಯಲ್ಲಿ ಶೆವ್ರೊಲೆ ಜೋಡಿಸಲು ಶುರುಮಾಡಿತು. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1947ರಿಂದ ಕುರ್ಲಾದಲ್ಲಿ ಕ್ರೈಸ್ಲರ್ ಬಳಗದ ಪ್ಲಿಮತ್, ಡಾಜ್, ಡಿಸೋಟೊಗಳನ್ನು ಜೋಡಿಸಿತು. ಅಲ್ಲಿ ಜೋಡಿಸಿದ ಗಾಡಿ ಬಲಗಡೆ ಸ್ಟೇರಿಂಗಿನದು. ಇಲ್ಲಿ ಓಡಿಸುವವರಿಗೆ ಅಮೆರಿಕದಿಂದ ಈಗ ತರಿಸಿದ ಎಡಗಡೆ ಸ್ಟೇರಿಂಗಿನ ಗಾಡಿಗಿಂತ ಇದು ಒಳ್ಳೆಯದು.

ಇಂಜಿನ್ನಿಗೆ ಬರೋಣ. ಸಾಲಾಗಿ ಆರು ಸಿಲಿಂಡರ್, ಸೈಡ್ ವಾಲ್ವ್. 217.8 ಘನ ಇಂಚು, ಅಂದರೆ ಸುಮಾರು 3.6 ಲೀಟರ್. ಬೋರ್ ಮೂರೂಕಾಲು ಇಂಚು, ಸ್ಟ್ರೋಕ್ 4 3/8 ಇಂಚು. ನಿಮಿಷಕ್ಕೆ 3600 ಸುತ್ತಿಗೆ 95 ಅಶ್ವಶಕ್ತಿ. ಕಂಪ್ರೆಷನ್ ಅನುಪಾತ ಬರೀ 6.6, ಹೀಗಾಗಿ ಮಾಮೂಲಿ ಪೆಟ್ರೋಲಿಗೆ ನಾಕ್ ಹೊಡೆಯುವ ಮಾತೇ ಇಲ್ಲ. ವಾಲ್ವುಗಳು ಬ್ಲಾಕಿನಲ್ಲೇ ಇರುವುದರಿಂದ ಹೆಡ್ ಅಂದರೆ ಕಬ್ಬಿಣದ ಒಂದು ಮುಚ್ಚಳ ಅಷ್ಟೇ. ಹಳೆಯ ಜೀಪಿನ ಸೈಡ್ ವಾಲ್ವ್ ಇಂಜಿನ್ ಬಿಚ್ಚಿ ಕೂಡಿಸಿದ ಮಿಸ್ತ್ರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಿಸದು. ಎಗ್ಸಾಸ್ಟ್ ವಾಲ್ವಿಗೆ ಗಟ್ಟಿ ಲೋಹದ ಸೀಟನ್ನು ಕಾರ್ಖಾನೆಯಲ್ಲೇ ಕೂರಿಸಿದ್ದಾರೆ, ಸೀಸವಿಲ್ಲದ ಪೆಟ್ರೋಲಿಗೂ ಚಿಂತೆಯಿಲ್ಲ. ಬೇರಿಂಗುಗಳು ಬದಲಿಸಬಹುದಾದ ಶೆಲ್ ಮಾದರಿಯವು. ಎಲ್ಲದಕ್ಕೂ ಪಂಪಿನ ಒತ್ತಡದಲ್ಲಿ ಆಯಿಲ್ ಹೋಗುತ್ತದೆ. ಈ ಎರಡು ಮಾತು ನೆನಪಿಡಿ, ಶೆವ್ರೊಲೆ ಜೊತೆ ಹೋಲಿಸುವಾಗ ಬೇಕಾಗುತ್ತವೆ.

ಮಾರುವವರು ಇಂಜಿನ್ ಮೊದಲೇ ಬಿಸಿ ಮಾಡಿಟ್ಟು ಕರೆಯುತ್ತಾರೆ. ತಣ್ಣಗಿದ್ದಾಗಲೇ ಹೋಗಿ ಕೇಳಿ. ಆಮೇಲೆ ಬಿಸಿಯಾಗಲಿ, ಆಯಿಲ್ ಪ್ರೆಶರ್ ನೋಡಿ: ಓಡುವಾಗ ಚದರ ಇಂಚಿಗೆ 30ರಿಂದ 45 ಪೌಂಡ್ ನಡುವೆ ನಿಲ್ಲಬೇಕು, ಐಡಲ್‌ನಲ್ಲಿ ಹದಿನೈದರ ಆಸುಪಾಸು. ಆರೂ ಪ್ಲಗ್ ಬಿಚ್ಚಿ ಕಂಪ್ರೆಷನ್ ಗೇಜ್ ಹಾಕಿ. 100 ಪೌಂಡ್ ಹತ್ತಿರ ಬಂದರೆ ಚೆನ್ನ; ಅದಕ್ಕಿಂತ ಮುಖ್ಯ, ಸಿಲಿಂಡರ್ ಸಿಲಿಂಡರ್ ನಡುವೆ ಹತ್ತು ಪೌಂಡಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಐದು ಮತ್ತು ಆರರಲ್ಲಿ ಮಾತ್ರ ಕಡಿಮೆ ಬಂದರೆ ಬೆಲೆ ಮಾತಾಡುವುದನ್ನು ಅಲ್ಲಿಗೇ ನಿಲ್ಲಿಸಿ ಮುಂದಿನ ಪ್ಯಾರಾ ಓದಿ.

ಈ ಇಂಜಿನ್ನಿನ ಜೀವ ಅಡಗಿರುವುದು ಕಣ್ಣಿಗೆ ಕಾಣದ ಒಂದು ತಗಡಿನ ಕೊಳವೆಯಲ್ಲಿ. ವಾಟರ್ ಪಂಪಿನ ಹಿಂದೆ, ಬ್ಲಾಕಿನ ಒಳಗೆ ಉದ್ದಕ್ಕೂ ಒಂದು ಚಪ್ಪಟೆ ನೀರಿನ ಕೊಳವೆ ಮಲಗಿರುತ್ತದೆ. ಅದರ ಮೈಯಲ್ಲಿ ಅಲ್ಲಲ್ಲಿ ಕಿಂಡಿಗಳು. ರೇಡಿಯೇಟರಿನಿಂದ ಬಂದ ತಣ್ಣೀರು ಆ ಕಿಂಡಿಗಳಿಂದ ನೇರವಾಗಿ ಎಗ್ಸಾಸ್ಟ್ ವಾಲ್ವ್ ಸೀಟುಗಳ ಸುತ್ತ ಚಿಮ್ಮಬೇಕು. ಬೋರ್‌ವೆಲ್ಲಿನ ಗಡಸು ನೀರು ವರ್ಷಗಟ್ಟಲೆ ಹಾಕಿದ ಗಾಡಿಯಲ್ಲಿ ಈ ತಗಡು ತುಕ್ಕು ಹಿಡಿದು ಪುಡಿಯಾಗಿರುತ್ತದೆ. ಆಗ ನೀರೆಲ್ಲ ಮುಂದಿನ ಎರಡು ಮೂರು ಸಿಲಿಂಡರಿಗೆ ಸುತ್ತಿ ವಾಪಸ್ ಹೋಗುತ್ತದೆ. ಹಿಂದಿನ ಐದು ಮತ್ತು ಆರನೆಯದು ಬೇಯುತ್ತಲೇ ಇರುತ್ತವೆ, ವಾಲ್ವ್ ಸುಡುತ್ತದೆ, ಸೀಟು ಸಡಿಲಾಗುತ್ತದೆ. ಗ್ಯಾರೇಜಿನಲ್ಲಿ ರೇಡಿಯೇಟರ್ ಬದಲಿಸುತ್ತಾರೆ, ಥರ್ಮೋಸ್ಟಾಟ್ ಕಿತ್ತೆಸೆಯುತ್ತಾರೆ, ಎಲೆಕ್ಟ್ರಿಕ್ ಫ್ಯಾನ್ ಕಟ್ಟುತ್ತಾರೆ. ರೋಗ ಮಾತ್ರ ಹೋಗುವುದಿಲ್ಲ.

ಸರಿಪಡಿಸುವುದು ಕಷ್ಟವಲ್ಲ, ತಾಳ್ಮೆ ಬೇಕು. ಕೊಳವೆ ನೇರವಾಗಿ ಮುಂದಕ್ಕೆ ಬರಬೇಕಾದ್ದರಿಂದ ರೇಡಿಯೇಟರನ್ನು ಇಳಿಸಲೇಬೇಕು. ವಾಟರ್ ಪಂಪ್ ಬಿಚ್ಚಿದ ಕೂಡಲೇ ಬ್ಲಾಕಿನಲ್ಲಿ ಕೊಳವೆಯ ಬಾಯಿ ಕಾಣುತ್ತದೆ. ಗಟ್ಟಿ ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ, ಮೊದಲನೇ ಕಿಂಡಿಗೆ ಸಿಕ್ಕಿಸಿ, ಅಲ್ಲಾಡಿಸುತ್ತ ಎಳೆಯಬೇಕು. ಒಮ್ಮೆಲೇ ಜಗ್ಗಿದರೆ ಮುಂದಿನ ಅರ್ಧ ಮಾತ್ರ ಕೈಗೆ ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟರೆ ಮರುದಿನ ಸಡಿಲಾಗುವ ಸಾಧ್ಯತೆ ಹೆಚ್ಚು. ಕೊಳವೆ ಹೊರಬಂದ ಮೇಲೆ ಬ್ಲಾಕಿನ ಪಕ್ಕದ ತಟ್ಟೆಯಾಕಾರದ ಪ್ಲಗ್ಗುಗಳನ್ನೂ ಕಿತ್ತು, ಒಳಗಿನ ಕೆಸರನ್ನು ತಂತಿಯಿಂದ ಕೆದಕಿ, ಹಿಂದಿನ ಪ್ಲಗ್ಗಿನ ತೂತಿನಿಂದ ನೀರು ಬಿಟ್ಟು ತೊಳೆಯಬೇಕು. ಹೊರಗೆ ಬರುವುದು ಕಂದು ಬಣ್ಣದ ಗಟ್ಟಿ ಅಂಬಲಿಯಂಥ ಗಲೀಜು. ಅರ್ಧ ಬಕೆಟ್ ಬಂದರೂ ಗಾಬರಿಯಾಗಬೇಡಿ. ಹೊಸ ಕೊಳವೆ ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಆಗಿರಲಿ. ಅಮೆರಿಕದಿಂದ ತರಿಸಬಹುದು, ಹಳೆಯದರ ಕಿಂಡಿಗಳ ಅಳತೆ ಸಿಕ್ಕರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲೂ ಮಾಡಿಸಬಹುದು. ಕಿಂಡಿಯ ಜಾಗ ಅರ್ಧ ಇಂಚು ತಪ್ಪಿದರೂ ಮಾಡಿಸಿದ್ದು ವ್ಯರ್ಥ, ಹಾಗಾಗಿ ಹಳೆಯ ತುಂಡುಗಳನ್ನು ಗುಜರಿಗೆ ಹಾಕದೆ ಜೋಡಿಸಿಟ್ಟುಕೊಂಡು ಅಳೆಯಿರಿ.

ರೇಡಿಯೇಟರಿಗೆ ಈಗಿನ ಕಾರಿನ ಹೆಚ್ಚು ಒತ್ತಡದ ಕ್ಯಾಪ್ ಹಾಕಬೇಡಿ. ಆ ಒತ್ತಡಕ್ಕೆ ಮಾಡಿದ ಕೋರ್ ಅಲ್ಲ ಅದು, ಬೆಸುಗೆ ಬಿಡುತ್ತದೆ. ನೀರಿನ ಜೊತೆ ಕೂಲಂಟ್ ಕಡ್ಡಾಯ. ಅದರಲ್ಲಿ ತುಕ್ಕು ತಡೆಯುವ ಗುಣ ಬೇಕು, ಹಿಮದ ಚಿಂತೆ ನಮಗೇನೂ ಇಲ್ಲ.

ಬೆಳಗಾವಿಯ ಹವೆಯಲ್ಲಿ ಇಷ್ಟಾದರೆ ಸಾಕು. ಕೊಲ್ಹಾರ ಸೇತುವೆ ದಾಟಿ ವಿಜಯಪುರದ ಕಡೆ ಏಪ್ರಿಲ್ ಮಧ್ಯಾಹ್ನ ಹೊರಟವರಿಗೆ ಇನ್ನೊಂದು ಕಾಟ ಕಾದಿರುತ್ತದೆ, ವೇಪರ್ ಲಾಕ್. ಬಿಸಿಲು ನಲವತ್ತು ದಾಟಿದಾಗ ಎಗ್ಸಾಸ್ಟ್ ಹತ್ತಿರದ ಪೈಪಿನಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ಇಂಜಿನ್ ಪಕ್ಕದ ಪೆಟ್ರೋಲ್ ಪಂಪು ಆವಿಯನ್ನೇ ಎಳೆಯುತ್ತ ಕೂರುತ್ತದೆ. ಗಾಡಿ ಓಡುತ್ತಿರುವಾಗ ಸುಮ್ಮನಿದ್ದು, ಚಹಾಕ್ಕೆ ಹತ್ತು ನಿಮಿಷ ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಗದಿದ್ದರೆ ರೋಗ ಇದೇ ಎಂದು ತಿಳಿಯಿರಿ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು ಹಳೆಯ ಡ್ರೈವರುಗಳ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಕಾಯಂ ಮದ್ದು ಬೇಕೆಂದರೆ ಪೈಪನ್ನು ಎಗ್ಸಾಸ್ಟಿನಿಂದ ದೂರ ಸರಿಸಿ, ಶಾಖ ತಡೆಯುವ ತೋಳು ಹಾಕಿ, ಟ್ಯಾಂಕಿನ ಹತ್ತಿರ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪ್ ಒಂದನ್ನು ಕೂರಿಸಿ ಸ್ವಿಚ್ ಕೊಡಿ. ಒತ್ತಡ ನಾಲ್ಕು ಪೌಂಡ್ ಸುತ್ತಮುತ್ತ ಇರಲಿ. ಹೆಚ್ಚಾದರೆ ಕಾರ್ಬುರೇಟರಿನ ಸೂಜಿ ತಡೆಯಲಾರದೆ ಪೆಟ್ರೋಲ್ ಉಕ್ಕುತ್ತದೆ.

ಪೆಟ್ರೋಲಿನ ಮಾತೇ ಬಂದಿದ್ದಕ್ಕೆ ಒಂದು ತಮಾಷೆ. ಮುಧೋಳ, ಜಮಖಂಡಿ, ಗೋಕಾಕ ಕಡೆಯ ಕಬ್ಬು ಈಗ ಸಕ್ಕರೆಯಾಗುವುದರ ಜೊತೆಗೆ ಎಥೆನಾಲ್ ಆಗಿ ಬಂಕಿಗೂ ಬರುತ್ತಿದೆ. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲು 1947ರ ರಬ್ಬರಿಗೆ ವಿಷ. ಪಂಪಿನ ಡಯಾಫ್ರಮ್ ಮೆದುವಾಗಿ ಹಿಗ್ಗಿ ಹರಿಯುತ್ತದೆ. ಹರಿದ ಡಯಾಫ್ರಮ್‌ನಿಂದ ಪೆಟ್ರೋಲ್ ಕ್ರ್ಯಾಂಕ್‌ಕೇಸಿಗೆ ಇಳಿದು ಆಯಿಲ್ ತೆಳುವಾಗುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಇಲ್ಲವೇ ಆಯಿಲ್ ಮಟ್ಟ ತಾನಾಗೇ ಏರಿದ್ದರೆ, ಇಂಜಿನ್ ಚಾಲೂ ಮಾಡಲೇಬೇಡಿ. ಎಥೆನಾಲ್ ತಾಳುವ ಡಯಾಫ್ರಮ್ ಕಿಟ್, ಕಾರ್ಟರ್ ಕಾರ್ಬುರೇಟರಿನ ಕಿಟ್, ಹೊಸ ರಬ್ಬರ್ ಹೋಸು ಇವಿಷ್ಟನ್ನು ಗಾಡಿ ತಂದ ವಾರದಲ್ಲೇ ಹಾಕಿಬಿಡಿ. ಇನ್ನೊಂದು ಕಾಟ ಮಳೆಗಾಲದ್ದು. ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಗಾಡಿ ನಿಂತೇ ಇದ್ದರೆ ಎಥೆನಾಲ್ ನೀರು ಹೀರುತ್ತದೆ, ಕೊನೆಗೆ ನೀರಿನ ಸಮೇತ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಟ್ಯಾಂಕ್ 64 ಲೀಟರಿನದು, ತಳದಿಂದ ತುಕ್ಕು ಹಿಡಿಯುತ್ತದೆ. ಮಳೆಗಾಲಕ್ಕೆ ನಿಲ್ಲಿಸುವುದಾದರೆ ಟ್ಯಾಂಕನ್ನು ಪೂರ್ತಿ ಬಸಿದೇ ನಿಲ್ಲಿಸಿ. ಖರ್ಚಿನ ಲೆಕ್ಕ ಕೇಳುವವರಿಗೆ: ಲೀಟರಿಗೆ ಆರೇಳು ಕಿಲೋಮೀಟರ್. ಅದಕ್ಕಿಂತ ಹೆಚ್ಚು ಕೊಡುತ್ತದೆ ಎಂದು ಹೇಳುವ ಮಾಲೀಕರನ್ನು ನಂಬಬೇಡಿ.

ವಿಜಯಪುರದ ಎರೆಮಣ್ಣಿನ ದೂಳಿಗೆ ಏರ್ ಕ್ಲೀನರ್ ನೋಡಿಕೊಳ್ಳಬೇಕು. ಆಯಿಲ್ ಬಾತ್ ಮಾದರಿಯದು, ಟ್ರ್ಯಾಕ್ಟರಿನದ್ದೇ ತತ್ವ. ತಳದ ಬಟ್ಟಲು ಬಿಚ್ಚಿ, ಕೆಸರಾದ ಆಯಿಲ್ ಚೆಲ್ಲಿ, ಗೆರೆಯವರೆಗೆ ಹೊಸದು ತುಂಬುವುದು ಯಾವ ಟ್ರ್ಯಾಕ್ಟರ್ ಮಿಸ್ತ್ರಿಗೂ ಗೊತ್ತು.

ಟ್ಯೂನಿಂಗ್ ಅಳತೆಗಳು ಸರಳ. ಪಾಯಿಂಟ್ ಗ್ಯಾಪ್ 20 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು), ಪ್ಲಗ್ ಗ್ಯಾಪ್ 25 ಥೌ, ಇಂಜಿನ್ ಬಿಸಿಯಿದ್ದಾಗ ಟ್ಯಾಪೆಟ್ 8ರಿಂದ 10 ಥೌ, ಫೈರಿಂಗ್ ಕ್ರಮ 1-5-3-6-2-4. ಆರನೇ ಸಿಲಿಂಡರಿನ ಮೇಲೆ ಹೆಡ್ಡಿನಲ್ಲಿ ಒಂದು ಸಣ್ಣ ಪೈಪ್ ಪ್ಲಗ್ ಇರುತ್ತದೆ, ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ಅದನ್ನು ಬಿಚ್ಚಿ ಉದ್ದನೆಯ ತಂತಿ ಇಳಿಬಿಟ್ಟು, ಇಂಜಿನ್ ಕೈಯಿಂದ ತಿರುಗಿಸುತ್ತ ಹೋದರೆ ಪಿಸ್ಟನ್ ಮೇಲೆ ಬಂದದ್ದು ಬೆರಳಿಗೇ ತಿಳಿಯುತ್ತದೆ. ಪುಲ್ಲಿಯ ಮೇಲಿನ ಗುರುತು ಅಳಿಸಿಹೋದ ಗಾಡಿಗೆ ಟೈಮಿಂಗ್ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಟ್ಯಾಪೆಟ್ ಕೆಲಸ ಮಾತ್ರ ಮೈ ಸುಡುವಂಥದ್ದು: ಬಿಸಿ ಮ್ಯಾನಿಫೋಲ್ಡಿನ ಕೆಳಗೆ ಕೈ ತೂರಿಸಿ ಎರಡು ತೆಳು ಸ್ಪ್ಯಾನರ್ ಹಿಡಿಯಬೇಕು. ಮುಂದಿನ ಚಕ್ರ ಬಿಚ್ಚಿ, ಮಡ್‌ಗಾರ್ಡಿನ ಒಳಬದಿಯ ತಗಡಿನ ಪಟ್ಟಿ ತೆಗೆದರೆ ಕೈ ಸಲೀಸಾಗಿ ಹೋಗುತ್ತದೆ.

ಬಿಡಿಭಾಗ ತರಿಸುವ ಮುನ್ನ ಟೇಪು ಹಿಡಿದು ಹೆಡ್ಡಿನ ಉದ್ದ ಅಳೆಯಿರಿ. ಅಮೆರಿಕದ ಪ್ಲಿಮತ್ ಮತ್ತು ಡಾಜ್ ಆರು ಸಿಲಿಂಡರಿನವು 23 ಇಂಚು. ಡಿಸೋಟೊ, ಕ್ರೈಸ್ಲರ್ ಮತ್ತು ಕೆನಡಾದಲ್ಲಿ ಮಾಡಿದ ಪ್ಲಿಮತ್ 25 ಇಂಚು. ಹೆಡ್ ಗ್ಯಾಸ್ಕೆಟ್ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಎಪ್ಪತ್ತೈದು ವರ್ಷದಲ್ಲಿ ಯಾವ ಗಾಡಿಗೆ ಯಾವ ಇಂಜಿನ್ ಬಂದು ಕೂತಿದೆಯೋ, ಆರ್.ಸಿ. ಪುಸ್ತಕ ನೋಡಿ ಗ್ಯಾಸ್ಕೆಟ್ ತರಿಸಿದವರ ಕೈಗೆ ತಪ್ಪು ಪೊಟ್ಟಣ ಬರುತ್ತದೆ. ಬ್ಲಾಕಿನ ಮೇಲೆ ಕೆತ್ತಿದ ನಂಬರ್ ಪಿ-15 ಎಂದು ಶುರುವಾದರೆ ಇಂಜಿನ್ ಅದೇ ಗಾಡಿಯ ಕಾಲದ್ದು ಅನ್ನಬಹುದು.

ಬ್ರೇಕಿನ ಬಗ್ಗೆ ಎರಡು ಥರದ ಮಾತು ಕೇಳಿಬರುತ್ತವೆ. ಸರಿಯಾಗಿ ಹೊಂದಿಸಿದ ಪಿ-15ರ ಬ್ರೇಕು ಆ ಕಾಲಕ್ಕೆ ತುಂಬ ಒಳ್ಳೆಯದು, ಹೊಂದಿಸದಿದ್ದರೆ ಭಯ ಹುಟ್ಟಿಸುತ್ತದೆ. ಎರಡೂ ನಿಜ. ಲಾಕ್‌ಹೀಡ್ ಹೈಡ್ರಾಲಿಕ್, ಮುಂದಿನ ಒಂದೊಂದು ಚಕ್ರಕ್ಕೂ ಎರಡೆರಡು ವೀಲ್ ಸಿಲಿಂಡರ್, ಹಿಂದೆ ಒಂದೊಂದು. ಒಟ್ಟು ಆರು. ಶೂಗಳು ತಾವಾಗಿ ಮಧ್ಯಕ್ಕೆ ಬರುವ ಮಾದರಿಯವಲ್ಲ. ಈಗಿನ ಮಿಸ್ತ್ರಿಗಳು ಹೊರಗಿನ ಕ್ಯಾಮ್ ಮಾತ್ರ ತಿರುಗಿಸಿ ಬಿಡುತ್ತಾರೆ. ಶೂವಿನ ಬುಡ ಹಿಡಿಯುವ ಆಂಕರ್ ಬೋಲ್ಟ್ ಕೂಡ ಎಕ್ಸೆಂಟ್ರಿಕ್ (ನಡು ತಪ್ಪಿದ್ದು), ಅದನ್ನೂ ತಿರುಗಿಸಿ ಶೂವಿನ ಹಿಮ್ಮಡಿ ಕಡೆ 6 ಥೌ, ತುದಿ ಕಡೆ 12 ಥೌ ಸಂದು ಬರುವ ಹಾಗೆ ಕೂರಿಸಬೇಕು. ಇದನ್ನು ಅಳೆಯುವ ಉಪಕರಣ ಈಗ ಸಿಗುವುದಿಲ್ಲ. ಸವೆದ ಹಳೆಯ ಡ್ರಮ್ಮೊಂದನ್ನು ತಂದು ಅಂಚಿನಲ್ಲಿ ಕಿಟಕಿ ಕತ್ತರಿಸಿ, ಅದನ್ನು ಹಾಕಿ ಫೀಲರ್ ಗೇಜ್ ತೂರಿಸಿದರೆ ಅಳತೆ ಸಿಗುತ್ತದೆ. ಆದರೆ ಆ ಡ್ರಮ್ಮಿನ ಒಳವ್ಯಾಸ ನಿಮ್ಮ ಡ್ರಮ್ಮಿನಷ್ಟೇ ಇರಬೇಕು, ಇಲ್ಲದಿದ್ದರೆ ಅಳತೆಯೇ ಸುಳ್ಳು. ಹೊಸ ಲೈನಿಂಗ್ ರಿವೆಟ್ ಮಾಡಿಸಿದ ಮೇಲೆ ಡ್ರಮ್ಮಿನ ಕಮಾನಿಗೆ ತಕ್ಕಂತೆ ತೀಡಿಸುವುದೂ ಅಷ್ಟೇ ಮುಖ್ಯ. ಇದೆಲ್ಲ ಬಿಟ್ಟರೆ ಪೆಡಲು ನೆಲದವರೆಗೆ ಹೋಗುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ, ಆಮೇಲೆ "ಹಳೇ ಗಾಡಿ ಬ್ರೇಕೇ ಹಂಗ" ಎಂಬ ಸಮಾಧಾನ.

ಇಲ್ಲಿ ಬೆಳಗಾವಿಯವರಿಗೆ ಬೇರೆ ಊರಿನವರಿಗಿಲ್ಲದ ಅನುಕೂಲವಿದೆ. ಹೈಡ್ರಾಲಿಕ್ ಸಿಲಿಂಡರ್ ಹೋನ್ ಮಾಡುವುದು, ಸ್ಲೀವ್ ಕೂರಿಸುವುದು ಈ ಊರಿನ ದಿನದ ಕಸುಬು. ಗುಳಿ ಬಿದ್ದ ವೀಲ್ ಸಿಲಿಂಡರನ್ನು ಬೋರ್ ಮಾಡಿಸಿ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ ಮೂಲ ಅಳತೆಗೇ ತಂದರೆ ತುಕ್ಕಿನ ಕಾಟ ಮುಗಿಯಿತು. ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿಯಲ್ಲಿ ಚಾಸಿಗೆ ಕೂತಿದೆ. ಫ್ಲೂಯಿಡ್ ನೋಡಲು ಮ್ಯಾಟ್ ಎತ್ತಿ ನೆಲದ ಮುಚ್ಚಳ ತೆಗೆಯಬೇಕು. ಅದಕ್ಕೇ ಯಾರೂ ನೋಡುವುದಿಲ್ಲ. ಎಲ್ಲ ಚಕ್ರಕ್ಕೂ ಸೇರಿ ಒಂದೇ ಸರ್ಕ್ಯೂಟು. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ಆಗ ಹ್ಯಾಂಡ್‌ಬ್ರೇಕ್ ಎಳೆಯೋಣ ಎಂದರೆ ಅದು ಚಕ್ರಕ್ಕಿಲ್ಲ, ಗೇರ್‌ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಡ್ರಮ್ಮಿಗೆ ಪಟ್ಟಿ ಸುತ್ತಿದೆ. ನಿಂತ ಗಾಡಿ ಹಿಡಿಯಲು ಮಾತ್ರ ಅದು. ಗೇರ್‌ಬಾಕ್ಸಿನ ಹಿಂದಿನ ಸೀಲ್ ಸೋರಿ ಆ ಪಟ್ಟಿ ಎಣ್ಣೆಯಲ್ಲಿ ನೆನೆದಿದ್ದರೆ ಅದನ್ನೂ ಹಿಡಿಯುವುದಿಲ್ಲ. ಚೋರ್ಲಾ ಘಾಟಿನಲ್ಲಿ ಇಳಿಯುವಾಗ ಆರಂಭದಿಂದಲೇ ಎರಡನೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಡ್ರಮ್ಮು ಬಿಸಿಯಾಗದೆ ಗಾಡಿ ಇಳಿಯುತ್ತದೆ.

ಹಿಂದಿನ ಡ್ರಮ್ ತೆಗೆಯುವಾಗ ಆಗುವ ಅನಾಹುತ ಹೇಳದಿದ್ದರೆ ತಪ್ಪಾದೀತು. ಆಕ್ಸಲ್ಲಿನ ತುದಿ ಟೇಪರ್, ಕೀಲಿ ಹಾಕಿ ಹಬ್ಬನ್ನು ಒತ್ತಿ ಕೂರಿಸಿದೆ. ಸುತ್ತಿಗೆಯಿಂದ ಬಡಿದರೆ ಡ್ರಮ್ ಸೊಟ್ಟಗಾಗುತ್ತದೆ, ಹೊಡೆತ ಆಕ್ಸಲ್ ಬೇರಿಂಗಿಗೂ ಹೋಗುತ್ತದೆ. ಚಕ್ರದ ಬೋಲ್ಟ್ ತೂತುಗಳಿಗೆ ಹಿಡಿಯುವ ಭಾರೀ ಪುಲ್ಲರ್ ಬೇಕು. ಸಿಗದಿದ್ದರೆ ಮಾಡಿಸಿ, ಒಳ್ಳೆಯ ಲೇಥ್ ಅಂಗಡಿಗೆ ಅದೇನೂ ದೊಡ್ಡ ಕೆಲಸವಲ್ಲ. ಆಕ್ಸಲ್ ನಟ್ಟನ್ನು ಪೂರ್ತಿ ತೆಗೆಯದೆ ತುದಿಯ ಸಮಕ್ಕೆ ಬಿಟ್ಟು ಪುಲ್ಲರ್ ಬಿಗಿ ಮಾಡಿ. ಕಟ್ಟಿಕೊಂಡ ಟೇಪರ್ ಬಿಡುವಾಗ ಗುಂಡು ಹಾರಿದಂಥ ಸದ್ದು ಬರುತ್ತದೆ. ನಟ್ಟು ಇಲ್ಲದಿದ್ದರೆ ಡ್ರಮ್ಮು ಎದುರಿಗಿದ್ದವರ ಮೊಣಕಾಲಿಗೆ ಬರುತ್ತದೆ. ವಾಪಸ್ ಕೂರಿಸುವಾಗ ಟೇಪರಿಗೆ ಗ್ರೀಸ್ ಹಚ್ಚಬೇಡಿ, ನಟ್ಟನ್ನು ಕನಿಷ್ಠ 145 ಪೌಂಡ್-ಅಡಿಗೆ ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ.

ಕರೆಂಟು ಆರು ವೋಲ್ಟ್, ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಚಾಸಿಗೆ. ಈಗಿನವರು ತಿಳಿಯದೆ ಬ್ಯಾಟರಿ ಉಲ್ಟಾ ಕಟ್ಟುತ್ತಾರೆ. ಗಾಡಿ ಚಾಲೂ ಆಗುತ್ತದೆ, ಆದರೆ ಆಮೀಟರ್ ಉಲ್ಟಾ ತೋರಿಸುತ್ತದೆ, ಕಿಡಿ ಬಲ ಕಳೆದುಕೊಳ್ಳುತ್ತದೆ. ಡೈನಮೋ ಬಿಚ್ಚಿ ಹಾಕಿದಾಗಲೆಲ್ಲ ರೆಗ್ಯುಲೇಟರಿನ ಬ್ಯಾಟರಿ ಮತ್ತು ಆರ್ಮೇಚರ್ ತುದಿಗಳನ್ನು ತಂತಿಯಿಂದ ಒಂದು ಕ್ಷಣ ತಾಗಿಸಿ ಪೋಲರೈಸ್ ಮಾಡಬೇಕು, ಅಂದರೆ ಡೈನಮೋದ ಪ್ಲಸ್-ಮೈನಸ್ ದಿಕ್ಕು ಕೂರಿಸಬೇಕು. ಸ್ಟಾರ್ಟರ್ ಗೊರಗುಟ್ಟುತ್ತ ತಿರುಗಿದರೆ ನೂರಕ್ಕೆ ತೊಂಬತ್ತು ಸಲ ತಪ್ಪು ಕೇಬಲ್ಲಿನದು. ಹನ್ನೆರಡು ವೋಲ್ಟಿನ ಕಾರಿನ ತೆಳು ಕೇಬಲ್ ಹಾಕಿರುತ್ತಾರೆ. ಆರು ವೋಲ್ಟಿಗೆ ಹೆಬ್ಬೆರಳು ದಪ್ಪದ ವೆಲ್ಡಿಂಗ್ ಕೇಬಲ್ ಹಾಕಿ, ಅರ್ತ್ ಹಿಡಿಯುವ ಜಾಗದ ಬಣ್ಣ ಕೆರೆದು ಬಿಗಿ ಮಾಡಿದರೆ ಮುಂಜಾವಿನ ಚಳಿಯಲ್ಲೂ ಎರಡು ಸುತ್ತಿಗೆ ಚಾಲೂ. ಆರು ವೋಲ್ಟ್ ಬ್ಯಾಟರಿ ಹೇಳಿ ತರಿಸಬೇಕು. ಅದು ಬೇಡವೆಂದು ಹನ್ನೆರಡಕ್ಕೆ ಬದಲಿಸುವವರಿದ್ದಾರೆ; ಹೆಡ್‌ಲೈಟ್ ಏಳು ಇಂಚಿನದಾದ್ದರಿಂದ ಅಂಬಾಸಿಡರ್, ಜೀಪಿನದ್ದೇ ಕೂರುತ್ತದೆ ಎನ್ನುವುದು ಅವರ ವಾದ. ರಾತ್ರಿ ಓಡಿಸುವವರಿಗೆ ಅದು ಸರಿ. ಹಗಲು ಮಾತ್ರ ತೆಗೆಯುವ ಗಾಡಿಗೆ ಅಷ್ಟು ಕೆಲಸ ಬೇಕಿಲ್ಲ.

ಟೈರು 6.00-16. ಜೀಪಿನ ಅಳತೆಯೇ, ಹೀಗಾಗಿ ಸಿಗುತ್ತದೆ. ಆದರೆ ಅಂಗಡಿಯವರು ಇದೇ ಅಳತೆಯ ಟ್ರ್ಯಾಕ್ಟರ್ ಮುಂದಿನ ಟೈರು ತೋರಿಸಿ "ಒಂದೇ ರೀ, ಕಡಿಮಿ ರೊಕ್ಕಕ್ಕ ಬರ್ತದ" ಅನ್ನುತ್ತಾರೆ. ತೆಗೆದುಕೊಳ್ಳಬೇಡಿ, ಅದು ಹೊಲದ ವೇಗಕ್ಕೆ ಮಾಡಿದ್ದು. 1947ರ ಕೊನೆಯ ನಂತರದ ಗಾಡಿಗಳಿಗೆ 15 ಇಂಚಿನ ಚಕ್ರವೂ ಬಂದಿದೆ, ಕೊಳ್ಳುವಾಗ ನೋಡಿಕೊಳ್ಳಿ.

ಓಡಿಸಲು ಹೇಗೆ? ನಿಧಾನಸ್ಥ, ಮೃದು. ಇಂಜಿನ್ ಕೂತಿರುವುದು ಕ್ರೈಸ್ಲರಿನ ಫ್ಲೋಟಿಂಗ್ ಪವರ್ ರಬ್ಬರ್ ಮೌಂಟಿಂಗಿನ ಮೇಲೆ. ಆ ರಬ್ಬರ್ ಸರಿಯಿದ್ದರೆ ಐಡಲ್‌ನಲ್ಲಿ ನಡುಕ ಬಹಳ ಕಡಿಮೆ. ಸ್ಟೇರಿಂಗಿನ ಕೆಳಗಿನ ಗೇರ್ ಲಿವರ್, ಮೂರು ಗೇರು, ಮೊದಲನೆಯದಕ್ಕೆ ಸಿಂಕ್ರೊ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು. ಮೂರನೇ ಗೇರಿನಲ್ಲಿ ಎತ್ತಿನ ಗಾಡಿಯಷ್ಟು ನಿಧಾನಕ್ಕೆ ಇಳಿಸಿ ಮತ್ತೆ ಆಕ್ಸಿಲರೇಟರ್ ಒತ್ತಿದರೂ ಗೊಣಗದೆ ಎಳೆಯುತ್ತದೆ, ಉದ್ದ ಸ್ಟ್ರೋಕಿನ ಗುಣ ಅದು. ಯರಗಟ್ಟಿ, ಲೋಕಾಪುರ ದಾರಿಯಲ್ಲಿ ಗಂಟೆಗೆ 65–70ರಲ್ಲಿ ಇದಕ್ಕೆ ಹಿತ. ಹೆದ್ದಾರಿಯಲ್ಲಿ ನೂರು ಮುಟ್ಟಿಸಬಹುದು, ಆದರೆ ಡಿಫರೆನ್ಷಿಯಲ್ ಅನುಪಾತ 3.9, ಇಂಜಿನ್ ಚೀರುತ್ತದೆ, ಬ್ರೇಕೂ ಆ ವೇಗಕ್ಕಲ್ಲ. ಪವರ್ ಸ್ಟೇರಿಂಗ್ ಇಲ್ಲ. ಖಡೇಬಜಾರಿನಲ್ಲಿ ತಿರುಗಿಸಿ ನಿಲ್ಲಿಸುವ ಹೊತ್ತಿಗೆ ಹೆಗಲು ನೋಯುತ್ತದೆ. ಮುಂದಿನ ಚಕ್ರ ಹೊರಳುವ ಕಿಂಗ್‌ಪಿನ್‌ಗೆ ಸಾವಿರ ಮೈಲಿಗೊಮ್ಮೆ ಗ್ರೀಸ್ ತುಂಬದಿದ್ದರೆ ಇನ್ನೂ ಬಿಗಿ.

ಅದೇ ಕಾಲದ ಶೆವ್ರೊಲೆ ಫ್ಲೀಟ್‌ಮಾಸ್ಟರ್ ಹೆಚ್ಚು ಜನಪ್ರಿಯ, ನೋಡಲೂ ಒಂದು ಕೈ ಮೇಲು. ಅದರ 216 ಘನ ಇಂಚಿನ ಇಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗು ಬ್ಯಾಬಿಟ್ ಎಂಬ ಮೆತ್ತನೆಯ ಲೋಹ ಕರಗಿಸಿ ಸುರಿದು ಮಾಡಿದ್ದು, ಅದಕ್ಕೆ ಆಯಿಲ್ ಸಿಗುವುದೂ ಬಹುಪಾಲು ಚಮಚದಂಥ ಡಿಪ್ಪರಿನಿಂದ ಎರಚಿ. ನಿಧಾನ ಓಡಿಸಿದರೆ ಬಾಳುತ್ತದೆ. ಈಗಿನ ನಾಲ್ಕು ಪಥದ ರಸ್ತೆಯಲ್ಲಿ ಗಂಟೆಗಟ್ಟಲೆ ಅಟ್ಟಿದರೆ ಬ್ಯಾಬಿಟ್ ಕರಗುತ್ತದೆ, ಅದನ್ನು ಸುರಿದು ಕೆರೆಯುವ ಕೈಗಳು ಈಗ ವಿರಳ. ಜೊತೆಗೆ ಇಂಜಿನ್ನಿನ ಹೀರುವ ಬಲದಿಂದ ಗೇರ್ ಹಾಕುವ ವ್ಯಾಕ್ಯೂಮ್ ಗೇರ್ ಶಿಫ್ಟ್ ಕೆಟ್ಟರೆ ಸರಿ ಮಾಡುವವರಿಲ್ಲ. ಕ್ಲಚ್ ಪ್ಲೇಟ್ ಬದಲಿಸಲು, ಪ್ರೊಪೆಲ್ಲರ್ ಶಾಫ್ಟನ್ನು ಒಳಗಿಟ್ಟುಕೊಂಡ ಟಾರ್ಕ್ ಟ್ಯೂಬಿನಿಂದಾಗಿ ಹಿಂದಿನ ಆಕ್ಸಲ್ಲನ್ನೇ ಸರಿಸಬೇಕು. ಪ್ಲಿಮತ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟ್ ಹೊರಗೇ ಇದೆ. ಫೋರ್ಡ್ ವಿ-8 ಸದ್ದಿಗೆ ಮನಸೋಲದವರಿಲ್ಲ, 100 ಅಶ್ವಶಕ್ತಿ ಬೇರೆ. ಆದರೆ ಎಗ್ಸಾಸ್ಟ್ ದಾರಿ ಬ್ಲಾಕಿನ ನಡುವೆ ಹಾದು ನೀರನ್ನೇ ಕಾಯಿಸುತ್ತದೆ. ವಿಜಯಪುರದ ಬೇಸಿಗೆಗೆ ಅದನ್ನು ಒಯ್ಯುವುದು ಬೇಡ. ಡಾಜ್ ಬೇಕೆಂದರೆ ತಗೊಳ್ಳಿ, ಹೆಚ್ಚೂ ಕಡಿಮೆ ಇದೇ ಗಾಡಿ. ಅದರ ಫ್ಲೂಯಿಡ್ ಡ್ರೈವ್ (ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಜೋಡಣೆ) ಸೋರುತ್ತಿಲ್ಲ ಎನ್ನುವುದು ಖಾತ್ರಿಯಾಗಲಿ.

ಎಲ್ಲಕ್ಕಿಂತ ದುಬಾರಿ ಕೆಲಸ ಇಂಜಿನ್ನಿನದಲ್ಲ, ಮೈಯದು. ಇಂಜಿನ್ ಪೂರ್ತಿ ಬಿಚ್ಚಿ ಕೂಡಿಸುವ ಖರ್ಚಿಗಿಂತ ಟಿಂಕರಿಂಗು, ಕುಶನ್ನು, ಕ್ರೋಮ್ ಸೇರಿ ಸಲೀಸಾಗಿ ಹೆಚ್ಚಾಗುತ್ತದೆ. ಗ್ರಿಲ್ಲಿನ ಅಡ್ಡಪಟ್ಟಿಗಳು, ಬಂಪರು, ಹಡಗಿನ ಬೊಂಬೆ, ಹಿಡಿಕೆಗಳು ಎಲ್ಲ ಜಾಗದಲ್ಲಿವೆಯೇ ಎಣಿಸಿ. ಇಂಜಿನ್ ಕೆಟ್ಟು ಕ್ರೋಮ್ ಪೂರ್ತಿಯಿರುವ ಗಾಡಿ, ಇಂಜಿನ್ ಚಾಲೂ ಇದ್ದು ಗ್ರಿಲ್ಲಿಲ್ಲದ ಗಾಡಿಗಿಂತ ಒಳ್ಳೆಯ ವ್ಯವಹಾರ. ಡಿಕ್ಕಿಯ ತಳ, ಬಾಗಿಲ ಕೆಳಗಿನ ಪಟ್ಟಿ, ಮುಂದಿನ ನೆಲ ಈ ಮೂರು ಕಡೆ ಆಯಸ್ಕಾಂತ ಹಿಡಿಯಿರಿ. ಅಂಟಿಕೊಳ್ಳದ ಜಾಗದಲ್ಲಿ ಬಣ್ಣದ ಕೆಳಗಿರುವುದು ಪುಟ್ಟಿ.

ಕಡೆಗೆ ಕಾಗದ. ಇಲ್ಲೇ ಅಗ್ಗದ ಗಾಡಿಗಳು ಕೈ ಸುಡುವುದು. ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಅರ್ಜಿ ನಮೂನೆ 20ರಲ್ಲಿ. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000; ಅವಧಿ ಹತ್ತು ವರ್ಷ. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ, ಮೊದಲೇ ನೋಂದಣಿಯಾದವು ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ರ‍್ಯಾಲಿ, ಪ್ರದರ್ಶನ, ಇಂಧನ, ರಿಪೇರಿಗೆ ತೆಗೆಯಬಹುದು. ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅಲ್ಲ. ಮದುವೆ ಮೆರವಣಿಗೆಗೆ ಬಾಡಿಗೆ ಬಿಟ್ಟು ಬಂಡವಾಳ ತೆಗೆಯುವ ಲೆಕ್ಕ ಹಾಕಿದವರು ಈ ಸಾಲನ್ನು ಎರಡು ಸಲ ಓದಲಿ. ಇನ್ನು ನಮ್ಮ ಕಡೆ ಸಿಗುವ ಎಷ್ಟೋ ಪ್ಲಿಮತ್, ಡಾಜ್‌ಗಳ ಹೊಟ್ಟೆಯಲ್ಲಿ ಪರ್ಕಿನ್ಸ್ ಅಥವಾ ಮಟಾಡೋರ್ ಡೀಸೆಲ್ ಇಂಜಿನ್ ಕೂತಿರುತ್ತದೆ. ಪೆಟ್ರೋಲ್ ತುಟ್ಟಿಯಾದ ಕಾಲದಲ್ಲಿ ಹಾಗೆ ಮಾಡಿಸಿದ್ದು. ಬೆಲೆ ಅರ್ಧಕ್ಕೆ ಬಂದರೂ ಅದು ಅಗ್ಗವಲ್ಲ: ವಿಂಟೇಜ್ ನೋಂದಣಿಗೆ ಅಡ್ಡಿ, ಮೌಂಟಿಂಗಿಗಾಗಿ ಚಾಸಿಯ ಅಡ್ಡತೊಲೆ ಕತ್ತರಿಸಿರುತ್ತಾರೆ, ಮುಂದಿನ ಸ್ಪ್ರಿಂಗು ಭಾರಕ್ಕೆ ಕುಸಿದಿರುತ್ತದೆ. ಮೂಲ ಇಂಜಿನ್ ಹುಡುಕಿ ಕೂರಿಸುವ ಹೊತ್ತಿಗೆ ಉಳಿಸಿದ್ದಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ. ಆರ್.ಸಿ.ಯಲ್ಲಿ ಇಂಧನ ಯಾವುದು ಎಂದು ಬರೆದಿದೆ, ಇಂಜಿನ್ ನಂಬರ್ ಬ್ಲಾಕಿನದಕ್ಕೆ ತಾಳೆಯಾಗುತ್ತದೆಯೇ, ಇವೆರಡನ್ನು ನೋಡದೆ ಮುಂಗಡ ಕೊಡಬೇಡಿ.

ಗಾಡಿ ಮನೆಗೆ ಬಂದ ದಿನ ಮಾಡಬೇಕಾದ ಒಂದು ಚಿಕ್ಕ ಕೆಲಸ ಉಳಿಯಿತು. ಇದರ ಚಕ್ರಕ್ಕೆ ನಟ್ ಇಲ್ಲ, ಡ್ರಮ್ಮಿಗೆ ಹೋಗುವ ಬೋಲ್ಟುಗಳಿವೆ. ಎಡಗಡೆ ಎರಡು ಚಕ್ರದವು ಲೆಫ್ಟ್ ಥ್ರೆಡ್, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಪಂಕ್ಚರ್ ಅಂಗಡಿಯ ಹುಡುಗನಿಗೆ ಅದು ಗೊತ್ತಿರುವುದಿಲ್ಲ. ಪೈಪ್ ಹಾಕಿ ಎಡಕ್ಕೆ ಜಗ್ಗಿದರೆ ಬೋಲ್ಟ್ ತಲೆ ಮುರಿದು ಒಳಗಿನ ತುಂಡು ಡ್ರಮ್ಮಿನಲ್ಲೇ ಉಳಿಯುತ್ತದೆ, ಅದನ್ನು ಡ್ರಿಲ್ ಹಾಕಿ ತೆಗೆಯುವುದು ಅರ್ಧ ದಿನದ ಕೆಲಸ. ಎಡಗಡೆಯ ಎರಡೂ ಚಕ್ರದ ಮೇಲೆ, ಹಬ್‌ಕ್ಯಾಪ್ ತೆಗೆದ ಕೂಡಲೇ ಕಾಣುವ ಹಾಗೆ, ಬಿಳಿ ಬಣ್ಣದಲ್ಲಿ ಒಂದು ಬಾಣ ಬರೆದು ಪಕ್ಕದಲ್ಲಿ ಕನ್ನಡದಲ್ಲಿ "ಬಿಚ್ಚಲು ಈ ಕಡೆ" ಎಂದು ಬರೆದಿಡಿ.